ಹುಣಸೆಮರದ ಬಾಣಂತಿಯರು

ಹೋದ ವಾರ ರಾಯದುರ್ಗದ ಸಂತೆಯಲ್ಲಿ ಯಾರೋ ಒಣಮೀನಿನ ಚೀಲ ಬಿಚ್ಚಿದರು. ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಪಕ್ಕದ ಮನೆಯ ದೊಡ್ಡಮ್ಮನ ಹಿತ್ತಿಲಿನ ವಾಸನೆ ಅದು... ಹುಣಸೆಮರದ ಕೊಕ್ಕರೆಗಳು ಮರಿಗಳಿಗೆಂದು ತಂದ ಮೀನು ಕೆಳಗೆ ಬಿದ್ದು ನಾರುತ್ತಿದ್ದ ಆ ಬೇಸಿಗೆಯ ವಾಸನೆ.

ಮಡಕಶಿರಾದ ಕಡೆಯ ಆ ಹಳ್ಳಿಗೆ ನಾನು ಸೊಸೆಯಾಗಿ ಹೋದವಳು. ಚೊಚ್ಚಲ ಬಸುರು. ತವರಿಗೆ ಹೋಗೋಣವೆಂದರೆ ಅವ್ವ ಇರಲಿಲ್ಲ. ದೊಡ್ಡಮ್ಮ ನಮಗೆ ನೆಂಟಳೂ ಅಲ್ಲ, ಆದರೂ ಬಾಣಂತನ ತನ್ನದೆಂದು ನಿಂತಳು. ಪ್ರತಿವರ್ಷ ಬಂದು ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನೂ ಊರವರು ಹೆರಿಗೆಗೆ ಬಂದ ಹೆಣ್ಣುಮಕ್ಕಳೆಂದೇ ಕಾಣುತ್ತಿದ್ದರು; ಅವು ಇರುವಷ್ಟು ದಿನ ಮದುವೆಗೂ ಪಟಾಕಿ ಹೊಡೆಯುತ್ತಿರಲಿಲ್ಲ. "ಮ್ಯಾಲೆ ಅಷ್ಟೊಂದು ಬಾಣಂತೇರು, ಕೆಳಗೆ ನೀನು. ನಂಗೆ ಕೈ ಸಾಲಲ್ಲ ಕಣವ್ವ" ಎಂದು ದೊಡ್ಡಮ್ಮ ನಗುತ್ತಿದ್ದಳು.

ಆ ವರ್ಷ ಮರಿಗಳು ಸಾಯತೊಡಗಿದವು. ಏನು ರೋಗವೋ... ಗೂಡಿನಲ್ಲಿ ಕತ್ತು ಜೋತುಬೀಳುತ್ತಿತ್ತು, ಬೆಳಗಾಗುವುದರೊಳಗೆ ಕೆಳಗೆ ಬಿದ್ದಿರುತ್ತಿದ್ದವು. ನನ್ನ ಕಣ್ಣಿಗೆ ಬೀಳದಿರಲೆಂದು ದೊಡ್ಡಮ್ಮ ನಸುಕಿನಲ್ಲೇ ಆಯ್ದು ಹೂಳುತ್ತಿದ್ದಳು. ಒಂದು ಮುಂಜಾನೆ ಹಿತ್ತಿಲ ಬಾಗಿಲು ತೆಗೆದರೆ ಎದುರಿಗೇ ಸಿಕ್ಕಳು. ಕೈಯಲ್ಲಿ ಮೊರ. ಹುಟ್ಟಿದ ಕೂಸನ್ನು ನಾವು ಮೊದಲು ಮಲಗಿಸುವುದು ಮೊರದಲ್ಲೇ. ಪುಕ್ಕ ಬಲಿಯದ ಮರಿಗಳು ಅದರಲ್ಲಿ ಪಕ್ಕಪಕ್ಕ ಮಲಗಿದ್ದವು. ಅವಳು ಸೆರಗಿನಿಂದ ಮೊರ ಮುಚ್ಚಿದಳು. ಅಂದಿನಿಂದ ಒಳಗಿನ ಕೂಸು ಸ್ವಲ್ಪ ಹೊತ್ತು ಮಿಸುಕದಿದ್ದರೂ ಹೊಟ್ಟೆ ತಟ್ಟಿ ಎಬ್ಬಿಸುತ್ತಿದ್ದೆ.

ಆಗಲೇ ಅರಣ್ಯ ಇಲಾಖೆಯ ಕಡೆಯಿಂದ ಹಕ್ಕಿ ಎಣಿಸುವವನೊಬ್ಬ ದುರ್ಬೀನು ಹಿಡಿದು ಬಂದ. ಬದುಕಿದ ಮರಿಗಳನ್ನು ತೆಲುಗಿನಲ್ಲಿ ಗಟ್ಟಿಯಾಗಿ ಒಕಟಿ, ರೆಂಡು ಎಂದು ಎಣಿಸತೊಡಗಿದ. ಇರುವ ಮಕ್ಕಳನ್ನು ಹಾಗೆ ಎಣಿಸಿದರೆ ದೃಷ್ಟಿ ತಗಲುತ್ತದೆ. ದೊಡ್ಡಮ್ಮ ಸೆರಗು ಸಿಕ್ಕಿಸಿ ಅಡ್ಡ ನಿಂತಳು. ಲೆಕ್ಕ ಕೊಡದಿದ್ದರೆ ಮರಿಗಳನ್ನು ನೋಡಲು ಡಾಕ್ಟರು ಬರುವುದಿಲ್ಲವೆಂದು ಅವನು ಬೇಡಿಕೊಂಡ.

"ಸತ್ತವ್ನ ಎಣಿಸ್ಕಳಪ್ಪ, ಹೂತಿರೋ ಜಾಗ ತೋರಿಸ್ತೀನಿ. ಇರೋವ್ನ ಎಣಿಸ್ಬ್ಯಾಡ. ಕೆಳಗೂ ಒಬ್ಬಳು ಬಸುರಿ ಅವ್ಳೆ."

ಅವನು ನನ್ನತ್ತ ನೋಡಿದ. ದುರ್ಬೀನು ಇಳಿಸಿ ಅವಳ ಹಿಂದೆ ಹೋದ. ಡಾಕ್ಟರು ಬಂದರು, ಆಮೇಲೆ ಸಾವು ನಿಂತಿತು. ಔಷಧಿಯಿಂದಲೋ, ತಾನಾಗಿಯೋ...

ನನಗೆ ಹೆರಿಗೆಯಾದದ್ದು ಮಡಕಶಿರಾದ ಆಸ್ಪತ್ರೆಯಲ್ಲಿ. ದೊಡ್ಡಮ್ಮ ಹೊಸ ಮೊರ ಕೊಂಡು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. ಇಲ್ಲೇನು ಅಕ್ಕಿ ಕೇರೋಕೆ ಬಂದ್ಯಾ ಎಂದು ನರ್ಸು ಹಂಗಿಸಿದಳಂತೆ. ಮಗಳು ತಡವಾಗಿ ಅತ್ತಳು. ಆ ಅಳು ಕೇಳುವವರೆಗೂ ದೊಡ್ಡಮ್ಮ ಮೊರವನ್ನು ಕೆಳಗಿಡಲಿಲ್ಲವಂತೆ.

ಆಮೇಲೆ ಜೀನ್ಸ್ ಹೊಲಿಗೆಯ ಕೆಲಸಕ್ಕೆಂದು ನಾವು ರಾಯದುರ್ಗಕ್ಕೆ ಬಂದೆವು. ದೊಡ್ಡಮ್ಮ ಹೋದ ಸುದ್ದಿ ತಲುಪಿದ್ದು ಮಣ್ಣಾದ ಮೇಲೆ. ಮುಖ ನೋಡಲಾಗಲಿಲ್ಲ.

ಸಂತೆಯ ಮರುದಿನವೇ ಮಗಳನ್ನು ಕರೆದುಕೊಂಡು ಆ ಹಳ್ಳಿಯ ಬಸ್ಸು ಹತ್ತಿದೆ. ಮರದ ತುಂಬ ಕೊಕ್ಕರೆಗಳಿದ್ದವು. ಅವಳು ತಲೆಯೆತ್ತಿ, ಬೆರಳು ಚಾಚಿ, ಇನ್ನೇನು ಎಣಿಸಬೇಕು... ಬೆರಳು ಹಿಡಿದು ಇಳಿಸಿದೆ. ಹಿತ್ತಿಲಾಚೆ ದೊಡ್ಡಮ್ಮನನ್ನು ಹೂತ ಮಣ್ಣಿನ ದಿಬ್ಬದ ಹತ್ತಿರ ಕರೆದೊಯ್ದು, ಎಣಿಸುವುದಾದರೆ ಇಲ್ಲಿ ಎಣಿಸು ಎಂದೆ.

"ಒಂದು" ಎಂದಳು.