ಟವೆಲ್ ಹಾಕಿ ಹಿಡಿದ ಕಿಟಕಿ ಸೀಟು

ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಸಿಂಧನೂರಿನ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ನನ್ನ ಯಜಮಾನರನ್ನು ಮೀರಿಸುವವರಿರಲಿಲ್ಲ. ಟವೆಲ್ ಬಿತ್ತೆಂದರೆ ಸೀಟು ನಮ್ಮದು, ತಕರಾರಿಲ್ಲ. ಆದರೆ ಆ ಮನುಷ್ಯ ಈ ಕಾಯ್ದೆಯನ್ನು ವಿಮಾನದೊಳಗೂ ನಡೆಸಿದರು.

ಅವರದು ಬೀಜ, ಗೊಬ್ಬರದ ಅಂಗಡಿ. ಒಂದು ವರ್ಷ ಗೊಬ್ಬರದ ಕಂಪನಿಯವರು ಅಂಗಡಿಕಾರರನ್ನು ಹೆಂಡಿರ ಸಮೇತ ದಿಲ್ಲಿ ನೋಡಲು ಕಳಿಸಿದರು. ನಮ್ಮ ದೇಶದ ಪೈಲಟರು ಮುಷ್ಕರ ಹೂಡಿದ್ದ ಕಾಲ. ಹೈದರಾಬಾದಿನಲ್ಲಿ ನಮಗೆ ಸಿಕ್ಕಿದ್ದು ಬಾಡಿಗೆಗೆ ತರಿಸಿದ ಹಳೆಯ ಸೋವಿಯತ್ ಜೆಟ್, ಬಾಲದ ಹತ್ತಿರ ಮೂರು ಎಂಜಿನ್ನು. ನಡೆಸುವವರೂ ಆ ದೇಶದವರೇ. ಅಂಥ ವಿಮಾನಗಳು ಕೆಲವೇ ತಿಂಗಳು ನಮ್ಮಲ್ಲಿ ಹಾರಿ ವಾಪಸ್ಸು ಹೋದವಂತೆ. ಸೀಟಿಗೆ ನಂಬರಿಲ್ಲ, ಸಿಕ್ಕಲ್ಲಿ ಕೂರಬೇಕು ಎಂದು ಯಾರೋ ಹೇಳಿದ್ದೇ ತಡ, ಇವರು ಧೋತರ ಎತ್ತಿ ಕಟ್ಟಿ ಮೆಟ್ಟಿಲ ಕಡೆ ಓಡಿದರು.

ನಾನು ಒಳಗೆ ಹೋಗುವಷ್ಟರಲ್ಲಿ ಒಂದು ಕಿಟಕಿ ಸೀಟಿನ ಮೇಲೆ ನಮ್ಮ ಮನೆಯ ಕೆಂಪು ಟವೆಲ್. ಎತ್ತರದ ಗಗನಸಖಿಯೊಬ್ಬಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು. ಸುತ್ತ ಕೂತ ಸೂಟಿನವರೆಲ್ಲ ನಗುತ್ತಿದ್ದರು.

“ನಮ್ದು ರೀ ಅದು. ನಮ್ಮ ಮನಿಯಾಕಿ ಕುಂದ್ರತಾಳ,” ಎಂದರು ಇವರು. ಆಕೆಗೆ ಏನು ತಿಳಿಯಿತೋ, ನಕ್ಕು ನನ್ನನ್ನು ಕೂರಿಸಿದಳು. ಅಷ್ಟರಲ್ಲಿ ಪಕ್ಕದ ಸೀಟುಗಳು ತುಂಬಿದ್ದವು. ಇದ್ದದ್ದು ಒಂದೇ ಟವೆಲ್. ಇವರಿಗೆ ಸಿಕ್ಕಿದ್ದು ಕಟ್ಟಕಡೆಯ ಸಾಲು, ಕಿಟಕಿಯೂ ಇಲ್ಲ, ಎಂಜಿನ್ನಿನ ಸದ್ದು ಬೇರೆ.

ನನಗೆ ಮೈಯೆಲ್ಲ ಉರಿಯಿತು. ನನ್ನ ಸಿಟ್ಟು ಊರಿಗೇ ಗೊತ್ತಿರುವುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ನನ್ನದು ಟವೆಲ್ಲಿಗೆ ಹೋಗಿತ್ತು. ವಿಮಾನ ಎದ್ದ ಮೇಲೆ ಜೀವಭಯವೂ ಸೇರಿತು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಶಿವಶಿವಾ ಎನ್ನುತ್ತ, ದಿಲ್ಲಿಯವರೆಗೂ ಕಣ್ಣು ಬಿಡಲಿಲ್ಲ.

ಇಳಿದ ಕೂಡಲೇ ಅವರು ಕೇಳಿದರು: “ಏನೇನ್ ಕಂಡ್ತು? ಹೇಳು ಮತ್ತ.”

ಆ ಮುಖ ನೋಡಿ ನಿಜ ಹೇಳಲು ಬಾಯಿ ಬರಲಿಲ್ಲ. ಹಿಂಜಿದ ಹತ್ತಿಯಂಥ ಮೋಡ, ಗೆರೆಯಂಥ ಹೊಳೆ ಎಂದೆಲ್ಲ ಕಟ್ಟಿ ಹೇಳಿದೆ. ಮುಂದೆ ಮನೆಗೆ ಯಾರು ಬಂದರೂ ಅದೇ. “ನಮ್ಮಾಕಿ ನೋಡ್ಯಾಳ, ಕೇಳ್ರಿ,” ಎನ್ನುತ್ತಿದ್ದರು, ನಾನು ಹೇಳಬೇಕು. ವರ್ಷಗಳು ಕಳೆದಂತೆ ನನ್ನ ಸುಳ್ಳಿಗೆ ಹಿಮದ ಬೆಟ್ಟವೂ ಸೇರಿತು. ನನಗಾಗಿ ಹಿಡಿದ ಕಿಟಕಿಯಿಂದ ನಾನು ಹೊರಗೆ ನೋಡಲೇ ಇಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಹೋದ ವರ್ಷ ಅವರು ಹಾಸಿಗೆ ಹಿಡಿದಾಗ ಹೇಳಿಬಿಟ್ಟೆ. “ನಾ ಅವತ್ತ ಏನೂ ನೋಡಿಲ್ರಿ. ಕಣ್ಣು ಮುಚ್ಕೊಂಡಿದ್ದೆ.”

“ಗೊತ್ತೈತಿ,” ಎಂದರು. “ನಡುವ ಎದ್ದು ಬಂದು ನಿನ್ನ ನೋಡಿ ಹೋಗಿದ್ದೆ. ಮುಖದ ಮ್ಯಾಲ ಸೆರಗಿತ್ತು.”

“ಮತ್ತ ಇಷ್ಟು ವರ್ಷ ಯಾಕ ಕೇಳಾಕತ್ತಿದ್ರಿ?”

“ನನ್ನ ಕೂಡ ನೀ ಸಿಟ್ಟಿಲ್ಲದ ಆಡೋ ಮಾತು ಅದೊಂದೇ ಇತ್ತು.”

ಅದಾಗಿ ಎಂಟು ದಿನಕ್ಕೆ ಅವರು ತೀರಿಕೊಂಡರು.

ಈಗ ಸಿಂಧನೂರಿಗೆ ಒಬ್ಬಳೇ ಹೋಗುತ್ತೇನೆ. ಟವೆಲ್ ಎಸೆಯಲು ನನಗೆ ಬಾರದು, ನಿಂತು ಹೋಗುವುದೇ ಹೆಚ್ಚು. ಕಿಟಕಿ ಸಿಕ್ಕ ದಿನ ಕಣ್ಣು ತೆರೆದೇ ಇರುತ್ತೇನೆ. ಕಾಲುವೆ, ಭತ್ತದ ಗದ್ದೆ, ಬೆಳ್ಳಕ್ಕಿ, ಎಲ್ಲ ನೋಡುತ್ತೇನೆ. ಮನೆಗೆ ಬಂದರೆ ಏನೇನು ಕಂಡಿತು ಎಂದು ಕೇಳುವವರಿಲ್ಲ.