ಈರಮ್ಮ ಆರಿಸಿದ ಕೋಕೋ

ಸಿರಿಗೇರಿಯ ಈರಮ್ಮ ನಲವತ್ತೈದು ದಾಟುವವರೆಗೆ ಚಾಕಲೇಟ್ ತಿಂದವಳಲ್ಲ. ಕುರುಗೋಡಿನ ಎಣ್ಣೆ ಮಿಲ್ಲೊಂದರಲ್ಲಿ ಹದಿನೆಂಟು ವರ್ಷ ಶೇಂಗಾ ಹಸನು ಮಾಡಿದ್ದಳು. ಮಿಲ್ಲು ಮುಚ್ಚಿದ ಮೇಲೆ ಗಂಡ ಜೋಗಪ್ಪನ ಜೊತೆ ಬಳ್ಳಾರಿಗೆ ಬಂದು, ಸುನಂದಾ ಎಂಬ ಹೆಣ್ಣುಮಗಳು ಆಗಷ್ಟೇ ಶುರು ಮಾಡಿದ್ದ ಚಾಕಲೇಟ್ ಘಟಕದಲ್ಲಿ ಕೋಕೋ ಬೀಜದ ಕಸ ಆರಿಸುವ ಕೆಲಸಕ್ಕೆ ಸೇರಿದಳು.

ಸೇರಿದ ಎರಡನೇ ವಾರದಲ್ಲೇ ಒಂದು ಚೀಲ ಬಿಚ್ಚಿ ಮೂಸಿ, ಇದನ್ನು ಬಿಸಿಲಿಗೆ ಹಾಕಿಲ್ಲ, ಹೊಗೆಯಲ್ಲಿ ಒಣಗಿಸಿದ್ದಾರೆ ಎಂದಳು. ಸುನಂದಾ ನಂಬಲಿಲ್ಲ. ತೋಟದವರಿಗೆ ಫೋನ್ ಮಾಡಿದರೆ, ಮಳೆ ಹಿಡಿದಿದ್ದರಿಂದ ಸೌದೆ ಉರಿಯ ಮೇಲೆ ಒಣಗಿಸಿದ್ದು ನಿಜವೆಂದು ಒಪ್ಪಿಕೊಂಡರು. ಅಂದಿನಿಂದ ಈರಮ್ಮ ಮೂಸಿ ನೋಡದ ಚೀಲ ಒಳಗೆ ಹೋಗುತ್ತಿರಲಿಲ್ಲ. ಬೀಜ ಹುರಿಯುವಾಗಲೂ ಅವಳೇ ಮುಂದೆ ನಿಲ್ಲುತ್ತಿದ್ದಳು. ಹುಳಿ ವಾಸನೆ ಹೋಗಿ, ಬೆಲ್ಲದ ಪಾಕದಂಥ ಘಮ ಏಳುವ ಗಳಿಗೆಗೆ ಸರಿಯಾಗಿ ತೆಗೆಯಿರಿ ಎನ್ನುತ್ತಿದ್ದಳು.

ಅವಳ ಅವ್ವ ಮುಟ್ಟಿದ ಕೊಡದ ನೀರನ್ನು ಊರಲ್ಲಿ ಚೆಲ್ಲುತ್ತಿದ್ದರು. ಈಗ ತಾನು ಕೈಯಾರೆ ಆರಿಸಿದ್ದನ್ನು ಎಲ್ಲೆಲ್ಲಿಯವರೋ ಬಾಯಿಗಿಟ್ಟುಕೊಳ್ಳುತ್ತಾರೆ. ಇದನ್ನು ಅವಳು ಯಾರೆದುರೂ ಆಡಿದವಳಲ್ಲ. ಮನಸ್ಸಿನಲ್ಲಿ ಮಾತ್ರ ದಿನಾ ಒಮ್ಮೆ ನೆನೆಯುತ್ತಿದ್ದಳು.

ಕಳೆದ ವರ್ಷ ಸುನಂದಾ ಒಂದು ಸ್ಪರ್ಧೆಗೆ ಚಾಕಲೇಟ್ ಕಳಿಸಿದಳು. ದೇಶದ ಸಣ್ಣ ತಯಾರಕರಲ್ಲಿ ಉತ್ತಮವಾದದ್ದನ್ನು ಗುರುತಿಸಿ ಪದಕ ಕೊಡುವ ಸ್ಪರ್ಧೆ ಅದು. ಅರ್ಜಿಯಲ್ಲಿ ಬೀಜದ ಆಯ್ಕೆ ಮತ್ತು ಹುರಿತ ಈರಮ್ಮನದು ಎಂದು ಬರೆದು, ಅವಳಿಗೇ ಓದಿ ಹೇಳಿದಳು. ಎರಡು ತಿಂಗಳಿಗೆ ಉತ್ತರ ಬಂತು: ಕೊನೆಯ ಐದರಲ್ಲಿ ಇವರದೂ ಇತ್ತು. ಪದಕಕ್ಕೆ ಮೊದಲು ತೀರ್ಪುಗಾರರು ಹೊಸದಾಗಿ ಮಾಡಿದ ಇನ್ನೊಂದು ಬ್ಯಾಚಿನ ರುಚಿ ನೋಡಬೇಕಿತ್ತು.

ಅಷ್ಟರಲ್ಲಿ ಈರಮ್ಮ ಜ್ವರ ಬಂದು ಒಂಬತ್ತು ದಿನ ಮಲಗಿದಳು. ಎದ್ದ ದಿನ, ಒಲೆಯ ಮೇಲಿನ ಅನ್ನ ಸೀದು ಕರಿಯಾದರೂ, ಅಂಗಳದಲ್ಲಿದ್ದ ಜೋಗಪ್ಪ ಓಡಿ ಬರುವವರೆಗೆ ಅವಳಿಗೆ ಗೊತ್ತಾಗಲಿಲ್ಲ. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದಳು. ಏನೂ ಇಲ್ಲ. ನಾಳೆ ಬಂದೀತು, ನಾಡಿದ್ದು ಬಂದೀತು ಎಂದುಕೊಂಡು ಯಾರಿಗೂ ಹೇಳದೆ ಕೆಲಸಕ್ಕೆ ಹೋದಳು.

ಹೊಸ ಚೀಲಗಳು ಬಂದಿದ್ದವು. ಸುನಂದಾ ಅವಳ ಮುಖ ನೋಡಿದಳು. ಈರಮ್ಮ ಒಂದು ಹಿಡಿ ಎತ್ತಿ, ಕಣ್ಣು ಮುಚ್ಚಿ, ಮೂಸಿದಂತೆ ಮಾಡಿ, ಚಲೋ ಇವೆ ಎಂದಳು. ಹುರಿಯುವಾಗ ಗಡಿಯಾರ ನೋಡಿ ನಿಲ್ಲಿಸಿದಳು. ತಯಾರಾದ ಚಾಕಲೇಟ್ ಬಾಯಿಗೆ ಹಾಕಿಕೊಂಡಾಗ ಸುನಂದಾಳಿಗೆ ಏನೋ ಬೇರೆ ಅನ್ನಿಸಿತು. ಆದರೆ ಅವಳಿಗೆ ತನ್ನ ನಾಲಿಗೆಗಿಂತ ಈರಮ್ಮನ ಮಾತಿನ ಮೇಲೆ ಹೆಚ್ಚು ಭರವಸೆ. ಅದನ್ನೇ ತೀರ್ಪುಗಾರರಿಗೆ ಕಳಿಸಿದಳು.

ಇಪ್ಪತ್ತು ದಿನಕ್ಕೆ ಪತ್ರ ಬಂತು. ಚಾಕಲೇಟಿನಲ್ಲಿ ಮುಗ್ಗಲು ಹಿಡಿದ ಬೀಜದ ವಾಸನೆಯಿದೆ, ಹೆಸರನ್ನು ಪಟ್ಟಿಯಿಂದ ತೆಗೆದಿದ್ದೇವೆ ಎಂದಿತ್ತು. ಸುನಂದಾ ಅದನ್ನು ಈರಮ್ಮನೆದುರು ಎರಡು ಸಲ ಓದಿದಳು.

"ನನಗ ವಾಸನಿ ಬರವಲ್ದು ಮೇಡಂ," ಎಂದಳು ಈರಮ್ಮ. "ಜರ ಬಂದಾಗಿಂದ."

"ಮತ್ತ ಚಲೋ ಅದಾವು ಅಂತ ಯಾಕ ಹೇಳಿದ್ರಿ ಈರಮ್ಮ?"

"ಅದೊಂದ ನನ್ನ ಹತ್ರ ಇತ್ತು. ಅದೂ ಹೋತು ಅಂತ ಹೆಂಗ ಹೇಳ್ಲಿರಿ?"

ಸುನಂದಾ ಬೈಯಲಿಲ್ಲ. ಮರುದಿನ ಅವಳನ್ನು ಆಟೋದಲ್ಲಿ ಡಾಕ್ಟರ ಹತ್ತಿರ ಕರೆದೊಯ್ದಳು. ಕೆಲವರಿಗೆ ತಿರುಗಿ ಬರುತ್ತದೆ, ಕೆಲವರಿಗೆ ಇಲ್ಲ, ಲವಂಗ, ನಿಂಬೆ ಸಿಪ್ಪೆ ದಿನಕ್ಕೆರಡು ಸಲ ಮೂಸುತ್ತಿರಿ ಎಂದರು ಅವರು. ಈರಮ್ಮ ಎಂಟು ತಿಂಗಳು ಮೂಸಿದಳು. ಆಮೇಲೆ ಬಿಟ್ಟಳು.

ಈಗ ಚೀಲ ನೋಡಲು ನಂದಿನಿ ಎಂಬ ಓದಿದ ಹುಡುಗಿ ಬಂದಿದ್ದಾಳೆ. ಈರಮ್ಮ ಮತ್ತೆ ಕಸ ಆರಿಸುತ್ತಾಳೆ. ಈ ವರ್ಷ ಅದೇ ಸ್ಪರ್ಧೆಯಲ್ಲಿ ಘಟಕಕ್ಕೆ ಪದಕ ಸಿಕ್ಕಿತು. ಫೋಟೋಕ್ಕೆ ಕರೆದಾಗ ಈರಮ್ಮ ಕೈ ತೊಳೆಯುವ ನೆಪ ಹೇಳಿ ಹಿಂದೆ ಉಳಿದಳು. ಎಲ್ಲರಿಗೂ ಹಂಚಿದ ಚಾಕಲೇಟನ್ನು ಮನೆಗೆ ತಂದು ಜೋಗಪ್ಪನ ಕೈಗೆ ಕೊಟ್ಟು, ತಿಂದು ಹೇಳಿರೆಂದಳು.

"ಕಹಿ ಐತಿ," ಎಂದ ಜೋಗಪ್ಪ.

"ಕಹಿ ಆದ ಮ್ಯಾಲ ಏನ್ ಬರ್ತೈತಿ? ಸಾವಕಾಶ ನೋಡ್ರಿ."

ಅವನು ಅವಳಿಗಾಗಿ ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ನೋಡಿದ.

"ಏನಿಲ್ಲ," ಎಂದ. "ಬರೀ ಕಹಿ."