ನಾಯಕನಿಗೆ ನೀರು

ಕೇಡುಗಾಲದ ಕತೆಗಳೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ಮುಂದೆಂದೋ ಬರಲಿರುವ ಊರು, ಒಬ್ಬ ಸರ್ವಾಧಿಕಾರಿ, ಬಾಯಿ ಮುಚ್ಚಿಕೊಂಡ ಜನ. ಕೊನೆಗೆ ಎಲ್ಲರ ಪಾಲಿನ ಸಾವನ್ನು ಒಬ್ಬನೇ ಹೊತ್ತು ಸಾಯುವ ನಾಯಕ. ನಾನು ಓದಿದ್ದು ಬಳ್ಳಾರಿಯ ಒಂದು ಕ್ರೈಸ್ತ ಶಾಲೆಯಲ್ಲಿ. ಶಿಲುಬೆಯ ಮೇಲಿದ್ದವನನ್ನು ದಿನವೂ ನೋಡುತ್ತ ಬೆಳೆದವಳಿಗೆ ಈ ನಾಯಕರ ಗುರುತು ಹತ್ತಲು ಹೊತ್ತು ಬೇಕಾಗುತ್ತಿರಲಿಲ್ಲ. ಹೆಸರು ಬೇರೆ, ಊರು ಬೇರೆ, ಚಾಚಿದ ತೋಳು ಮಾತ್ರ ಅದೇ.

ಹಾಗಾಗಿ ನಾಟಕ ಬರೆಯಲು ಕೂತಾಗ ನಾನೂ ಅಂಥವನನ್ನೇ ತಂದೆ. ನದಿಗೆ ಕಾವಲು ಬಿದ್ದಿರುವ ಊರು. ತನ್ನ ಪಾಲಿನ ನೀರನ್ನೆಲ್ಲ ಮಂದಿಗೆ ಹಂಚಿ, ಕಾಲುವೆಯ ಗೇಟಿಗೆ ತೋಳು ಚಾಚಿ ಕಟ್ಟಿಸಿಕೊಂಡು, ನೀರಡಿಸಿ ಸಾಯುವ ನಾಯಕ. ಕುರುಗೋಡಿನ ಹವ್ಯಾಸಿ ತಂಡವೊಂದು ಆಡಲು ಒಪ್ಪಿತು. ನಾಯಕನ ಪಾತ್ರ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ನನ್ನ ತಮ್ಮನಿಗೆ ಬಂತು. ಹಿರಿಹಿರಿ ಹಿಗ್ಗಿದೆ.

ನಾಟಕದ ದಿನ ಮಧ್ಯಾಹ್ನ ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಿಂದ ಹೊರಡುವಾಗ ಅವ್ವನ ಫೋನು ಬಂತು. ತಮ್ಮ ಬೆಳಗಿನಿಂದ ಹನಿ ನೀರು ಮುಟ್ಟಿಲ್ಲವಂತೆ. ನಮ್ಮ ಕಡೆ ಬಯಲಾಟದಲ್ಲಿ ದೇವರ ಪಾತ್ರ ಹಾಕುವವರು ಆ ದಿನ ಉಪವಾಸ ಇರುತ್ತಾರೆ. ಇವನು ನನ್ನ ನಾಯಕನನ್ನೂ ದೇವರ ಲೆಕ್ಕಕ್ಕೆ ಸೇರಿಸಿ ನೀರನ್ನೇ ಬಿಟ್ಟಿದ್ದ. ಹೋದ ಬೇಸಿಗೆಯಲ್ಲಿ ಕಿಡ್ನಿಯ ತೊಂದರೆಯಿಂದ ಆಸ್ಪತ್ರೆ ಸೇರಿದ್ದವನು ಇವನು. ನೀರು ತಪ್ಪಿಸಿದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಫೋನು ಮಾಡಿದೆ, ಎತ್ತಲಿಲ್ಲ. ಕಿಟಕಿಯಿಂದ ಬೆಂಕಿಯಂಥ ಗಾಳಿ. ಕುರುಗೋಡಿಗೆ ಬಂದು ನೋಡಿದರೆ ಬಣ್ಣ ಹಚ್ಚಿಕೊಂಡು ಕೂತಿದ್ದಾನೆ, ತುಟಿ ಒಡೆದಿದೆ. ಬೈದೆ, ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ.

"ಅವ ಕುಡಿಯಂಗಿಲ್ಲ ಅಂತ ನೀನೇ ಬರ್ದೀಯಲ್ಲಕ್ಕ. ಮುಗಿದ ಮ್ಯಾಲೆ ಕುಡೀತೀನಿ" ಎಂದ.

ಹೊತ್ತು ಮುಳುಗುವ ಮೊದಲೇ ನಾಟಕ ಶುರುವಾಯಿತು. ಕೊನೆಯ ದೃಶ್ಯದಲ್ಲಿ ಗೇಟಿಗೆ ಕಟ್ಟಿದಾಗ ಅವನ ಮೊಣಕಾಲುಗಳು ನಡುಗುತ್ತಿದ್ದವು. ಅದು ನಟನೆಯೋ ನಿಜವೋ ನನಗೆ ತಿಳಿಯಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಭಯ ತಡೆಯಲಾರದೆ ಪರದೆ ಇಳಿಸಲು ಕೈ ಮಾಡಿದೆ. ಇನ್ನೂ ಮಾತು ಉಳಿದಿದೆ ಎಂದು ಪರದೆಯವನು ಸನ್ನೆ ಮಾಡಿದ.

ಅಷ್ಟರಲ್ಲಿ, ತಮ್ಮನ ಜೊತೆ ಸಿರುಗುಪ್ಪದಿಂದ ಬಂದಿದ್ದ ಅವ್ವ ರಂಗ ಹತ್ತಿದಳು. ಕೈಯಲ್ಲಿ ಹೊಸ ಟವೆಲು. ಯಾರೂ ತಡೆಯಲಿಲ್ಲ. ನಮ್ಮ ನಾಟಕಗಳಲ್ಲಿ ದೃಶ್ಯದ ನಡುವೆಯೇ ನಂಟರು ಬಂದು ಪಾತ್ರಧಾರಿಗೆ ಬಟ್ಟೆ ಹೊದಿಸಿ ಆಯೇರಿ ಮಾಡುವುದುಂಟು. ಆಗ ರಾಜನಾದರೂ ಮಾತು ನಿಲ್ಲಿಸಿ ತಲೆ ಬಾಗಬೇಕು. ಟವೆಲು ಹೊದಿಸಿದಳು. ಸೆರಗಿನಡಿಯಿಂದ ನೀರಿನ ಬಾಟಲಿ ತೆಗೆದು ಅವನ ಬಾಯಿಗೆ ಹಿಡಿದಳು.

"ಆಯೇರಿ ಒಲ್ಲೆ ಅನ್ನಬಾರದು. ಕುಡಿ."

ಅವನು ಕಣ್ಣೆತ್ತಿ, ರಂಗದ ಪಕ್ಕದಲ್ಲಿ ನಿಂತಿದ್ದ ನನ್ನತ್ತ ನೋಡಿದ. ಕೈಮುಗಿದೆ. ಕುಡಿದ. ಮುಂದಿನ ಸಾಲಿನಲ್ಲಿ ಯಾರೋ ಹೀರೋ ಸಾಯಬೇಕಿತ್ತಲ್ಲ ಎಂದು ಗೊಣಗಿದರು. ಅವ್ವ ಮೈಕಿನ ಕಡೆ ತಿರುಗಿದಳು.

"ಸಾಯೋದು ನೋಡಾಕ ಬಂದೀರೇನು?"

ನಾಯಕನ ಕೈಯಿಂದ ನೀರು ಕುಡಿದ ಊರ ಮಂದಿಯನ್ನೆಲ್ಲ ಬರೆದಿದ್ದೆ ನಾನು. ಅವನಿಗೊಂದು ಗುಟುಕು ಕೊಡುವವರನ್ನು ಬರೆದಿರಲಿಲ್ಲ. ಬಾಟಲಿ ಬರಿದಾಯಿತು. ಇಡೀ ಮೈದಾನಕ್ಕೆ ಕೇಳುವಂತೆ ತಮ್ಮ ಮೈಕಿನಲ್ಲೇ ಕೇಳಿದ, "ಇನ್ನೊಂದೀಟು ಐತೇನವ್ವಾ?"